ಕಪ್ಪು ಬಂದ ಮೇಲೆ ಕಂಡ ಬೆಳ್ಳಿ: ಬೀದರಿನ 8 ಬೆಳಕಿನ ಉಡುಪುಗಳ ಪ್ರಕರಣ

ಬೀದರಿನಲ್ಲಿ ನನ್ನದು ವೇಷಭೂಷಣದ ಅಂಗಡಿ. ಶಾಲೆ ಕಾಲೇಜುಗಳ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ ಸೀಜನ್ ಬಂತೆಂದರೆ ಅಕ್ಕಮಹಾದೇವಿಯ ಜಡೆಯಿಂದ ಹಿಡಿದು ಕಿತ್ತೂರು ಚೆನ್ನಮ್ಮನ ಖಡ್ಗದವರೆಗೆ ಎಲ್ಲವೂ ಬಾಡಿಗೆಗೆ ಹೋಗುತ್ತವೆ. ಹೊಲಿಗೆ ನನ್ನ ಕಸುಬು. ವಿದ್ಯುತ್ತಿನ ಕೆಲಸ ನನಗೆ ಹೊಸದು. ಈ ಪ್ರಕರಣದಲ್ಲಿ ಎರಡೂ ಒಂದೇ ಬಟ್ಟೆಯ ಮೇಲೆ ಕೂಡಿದವು. ಏನು ಕೆಟ್ಟಿತು, ಯಾಕೆ ಕೆಟ್ಟಿತು, ಹೇಗೆ ಸರಿಹೋಯಿತು ಎಂಬುದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ನಮ್ಮ ಕಡೆಯ ಹೊಲಿಗೆಯವರು ಯಾರಾದರೂ ಇಂಥ ಆರ್ಡರ್ ಹಿಡಿದರೆ ನಾನು ಕಳೆದುಕೊಂಡ ಎರಡು ವಾರ ಅವರಿಗಾದರೂ ಉಳಿಯಲಿ.

ಕೇಳಿದ್ದು

ಜನವರಿ ಕೊನೆಯಲ್ಲಿ ಒಂದು ಕಾಲೇಜಿನ ನೃತ್ಯ ಕಲಿಸುವ ಮೇಡಂ ಬಂದರು. ಮಾರ್ಚ್ ಎರಡನೇ ವಾರ ಡಾ. ಚನ್ನಬಸವ ಪಟ್ಟದ್ದೇವರು ರಂಗಮಂದಿರದಲ್ಲಿ ಅವರ ಗ್ಯಾದರಿಂಗ್. 8 ಹುಡುಗಿಯರು, 7 ನಿಮಿಷದ ನೃತ್ಯ, ವಿಷಯ ಬಿದ್ರಿ, ಕಪ್ಪು ಲೋಹದಲ್ಲಿ ಬೆಳ್ಳಿಯ ತಂತಿ ಕೂರಿಸುವ ನಮ್ಮೂರಿನ ಕಲೆ. ಕಪ್ಪು ಉಡುಪಿನ ಮೇಲೆ ಬೆಳ್ಳಿ ಗೆರೆಗಳು ತಾವಾಗಿಯೇ ಬೆಳಗಬೇಕು ಎಂಬುದು ಅವರ ಆಸೆ. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. 2016ರಲ್ಲಿ ನ್ಯೂಯಾರ್ಕಿನ ಮೆಟ್ ಗಾಲಾ ಎಂಬ ಫ್ಯಾಷನ್ ಸಮಾರಂಭಕ್ಕೆ ಜ್ಯಾಕ್ ಪೋಸೆನ್ ಎಂಬ ವಿನ್ಯಾಸಕ ನಟಿ ಕ್ಲೇರ್ ಡೇನ್ಸ್‌ಗೆ ಹೊಲಿದ ತಿಳಿನೀಲಿ ಗೌನು ಅದು. ಕತ್ತಲಲ್ಲಿ ಇಡೀ ಗೌನೇ ಬೆಳದಿಂಗಳಂತೆ ಹೊಳೆಯುತ್ತಿತ್ತು.

"ಅಕ್ಕಾ, ಹಿಂಗ ಹೊಳೀಬೇಕು ನೋಡ್ರಿ ನಮ್ಮ ಹುಡುಗ್ಯಾರು" ಅಂದರು.

ಆ ಗೌನಿನ ಬಗ್ಗೆ ಓದಿದೆ. ಬಟ್ಟೆಯ ನೇಯ್ಗೆಯಲ್ಲೇ ಆಪ್ಟಿಕಲ್ ಫೈಬರ್, ಅಂದರೆ ಬೆಳಕು ಸಾಗಿಸುವ ಎಳೆಗಳು, ಒಳಗೆ ಹೊಲಿದ 30 ಪುಟ್ಟ ಬ್ಯಾಟರಿ ಪೆಟ್ಟಿಗೆಗಳು. ತೊಟ್ಟವರು ಮೆಟ್ಟಿಲ ಮೇಲೆ ನಿಲ್ಲಬೇಕು, ನಿಧಾನಕ್ಕೆ ನಡೆಯಬೇಕು, ಅಷ್ಟೇ. ನಮ್ಮ ಹುಡುಗಿಯರು ಗಿರಗಿರ ತಿರುಗುವವರು, ನೆಲಕ್ಕೆ ಕೂತು ಏಳುವವರು, ಮಾರ್ಚಿನ ಸೆಕೆಯಲ್ಲಿ ಬೆವರುವವರು. ಮರುದಿನ ಸೀರೆ ಮಡಚಿದಂತೆ ಮಡಚಿ ಬ್ಯಾಗಿಗೆ ತುರುಕುವವರು. ಬೆಳಕಿನ ಉಡುಪಿನ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ತೊಟ್ಟವರು ಅದರಲ್ಲಿ ಏನು ಮಾಡುತ್ತಾರೆ ಎಂದು. ಬಣ್ಣದ ಮಾತು, ಹೊಳಪಿನ ಮಾತು ಆಮೇಲಿನದು. ನಾನು ಅದನ್ನು ಕೇಳದೆಯೇ 40 ಸಾವಿರ ರೂಪಾಯಿಗೆ ಒಪ್ಪಿಕೊಂಡೆ.

ಎಲ್‌ಇಡಿ ಪಟ್ಟಿಯ ಸೋಲು

ಮೊಬೈಲ್ ರಿಪೇರಿ ಮಾಡುವ ಹುಡುಗನೊಬ್ಬ ನಮ್ಮ ಓಣಿಯಲ್ಲೇ ಇದ್ದಾನೆ. ಬೆಸುಗೆಯಲ್ಲಿ ಕೈ ಬಹಳ ಚೊಕ್ಕ. ಅವನು ಸುಲಭವಾಗಿ ಸಿಗುವ ದಾರಿ ಹೇಳಿದ: 5 ವೋಲ್ಟಿನ ಎಲ್‌ಇಡಿ ಪಟ್ಟಿ. ಅದರ ಪ್ರತಿ ದೀಪಕ್ಕೂ ಬೇರೆ ಬಣ್ಣ ಹೇಳಿಕೊಡಬಹುದು. ಮೀಟರಿಗೆ 60 ದೀಪ, ಒಂದು ಉಡುಪಿಗೆ 2 ಮೀಟರ್. ನಡೆಸಲು ಪವರ್‌ಬ್ಯಾಂಕ್.

ಮೊದಲ ಉಡುಪು ಹೊತ್ತಿಸಿದಾಗ ಬೆನ್ನಿನ ಮೇಲೆ ಬಿಳಿಯಾಗಿ ಶುರುವಾದ ಗೆರೆ ಲಂಗದ ಅಂಚಿಗೆ ಬರುವಷ್ಟರಲ್ಲಿ ಕೆಂಪಡರಿದ ಹಳದಿಯಾಗಿತ್ತು. ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ. ಈ ಜಾತಿಯ ಒಂದೊಂದು ದೀಪ ಪೂರ್ತಿ ಬಿಳಿಯಲ್ಲಿ 60 ಮಿಲಿಆಂಪಿಯರ್‌ವರೆಗೆ ಎಳೆಯುತ್ತದೆ. 120 ದೀಪಕ್ಕೆ 7.2 ಆಂಪಿಯರ್ ಆಯಿತು. ನಮ್ಮ ಪವರ್‌ಬ್ಯಾಂಕ್ ಕೊಡುವುದು 2 ಆಂಪಿಯರ್ ಚಿಲ್ಲರೆ. ಪಟ್ಟಿಯ ಕೊನೆಗೆ ಹೋಗುತ್ತ ವೋಲ್ಟೇಜ್ ಇಳಿಯುತ್ತದೆ. ನೀಲಿ, ಹಸಿರಿಗೆ ಕೆಂಪಿಗಿಂತ ಹೆಚ್ಚು ವೋಲ್ಟೇಜ್ ಬೇಕು, ಆದ್ದರಿಂದ ಮೊದಲು ಸೊರಗುವುದು ಅವು, ಉಳಿಯುವುದು ಕೆಂಪು. ಪೂರ್ತಿ ಉರಿಸಿದ್ದರೆ 36 ವ್ಯಾಟ್ ಒಬ್ಬ ಹುಡುಗಿಯ ಮೈಮೇಲೆ. ಹೊಳಪನ್ನು ಕಾಲು ಭಾಗಕ್ಕೆ ಇಳಿಸಿದೆವು. ಬಣ್ಣ ಸರಿಹೋಯಿತು.

ಆದರೂ ಅದು ಬಿದ್ರಿಯಾಗಲಿಲ್ಲ. ಬಿದ್ರಿಯಲ್ಲಿರುವುದು ಎಳೆದ ತಂತಿ, ಒಂದೇ ಸಮನೆಯ ಗೆರೆ. ಇಲ್ಲಿ ಚುಕ್ಕೆ ಚುಕ್ಕೆ, ಗಣಪತಿ ಪೆಂಡಾಲಿನ ಸರಮಾಲೆಯ ಹಾಗೆ. ಕಣ್ಣಿಗೆ ಚುಚ್ಚುವ ಬೆಳಕಿನಿಂದ ಹುಡುಗಿಯ ಮುಖ, ಮುದ್ರೆ ಎರಡೂ ಮರೆಯಾದವು. ಮೇಲಾಗಿ ಆ ಪಟ್ಟಿ ಒಂದೇ ದಿಕ್ಕಿಗೆ ಬಾಗುತ್ತದೆ. ಎರಡನೇ ತಾಲೀಮಿಗೇ ಸೊಂಟದ ಹತ್ತಿರ ಬೆಸುಗೆ ಬಿರಿದು ಅರ್ಧ ಪಟ್ಟಿ ಆರಿತು.

ಒಂದು ರವಿಕೆಯ ಮೇಲೆ ವಿದ್ಯುತ್ ಹರಿಯುವ ದಾರವನ್ನೂ ಪ್ರಯೋಗಿಸಿದೆ. ಬೆಳ್ಳಿ ಲೇಪಿಸಿದ ನೈಲಾನ್ ದಾರ ಅದು, ಸೂಜಿಗೆ ಪೋಣಿಸಿ ಕಸೂತಿಯಂತೆಯೇ ಹೊಲಿಯಬಹುದು. ಲೀಯಾ ಬ್ಯೂಕ್ಲಿ 2007ರ ಹೊತ್ತಿಗೆ ಬಟ್ಟೆಗೇ ಹೊಲಿಯಬಹುದಾದ ಲಿಲಿಪ್ಯಾಡ್ ಎಂಬ ಸರ್ಕ್ಯೂಟ್ ಹಲಗೆಗಳನ್ನು ತಂದ ಮೇಲೆ ಈ ಹೊಲಿಗೆ ಜಗತ್ತಿನಾದ್ಯಂತ ಹರಡಿತು. ನಾಲ್ಕಾರು ದೀಪಕ್ಕೆ, ಗಿಡ್ಡ ಅಂತರಕ್ಕೆ ಬಹಳ ಒಳ್ಳೆಯ ವಸ್ತು. ಉದ್ದವಾದಂತೆ ದಾರದ ಪ್ರತಿರೋಧ ಏರುತ್ತದೆ, ದೀಪ ಮಂಕಾಗುತ್ತದೆ. ನಮ್ಮ ಪ್ರಯೋಗವನ್ನು ಕೆಡಿಸಿದ್ದು ಬೆವರು. ಉಪ್ಪಿನ ನೀರು ಎರಡು ದಾರಗಳ ನಡುವೆ ಸೇತುವೆ ಕಟ್ಟಿತು, ಬಿಚ್ಚಿದ ಎಳೆಯೊಂದು ಪಕ್ಕದ ದಾರಕ್ಕೆ ತಾಗಿತು, ಆಟ ಮುಗಿಯಿತು.

9 ಸಾವಿರ ರೂಪಾಯಿ ಹೋಯಿತು. ಎರಡು ವಾರವೂ ಹೋಯಿತು.

ಹಳೆ ಊರಿನ ಅಂಗಡಿಯಲ್ಲಿ

ನಕ್ಷೆ ಸರಿ ಮಾಡಿಕೊಳ್ಳೋಣವೆಂದು ಹಳೆ ಊರಿಗೆ ಹೋಗಿ ಒಬ್ಬ ಬಿದ್ರಿ ಉಸ್ತಾದರ ಮುಂದೆ ಕೂತೆ. ಈ ಕಲೆ ಹುಟ್ಟಿದ ಊರಿನಲ್ಲೇ ಹುಟ್ಟಿದವಳು ನಾನು. 2006ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಾಗಲೂ, 2023ರಲ್ಲಿ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗಲೂ ಹಿಗ್ಗಿದವಳು. ಆದರೆ ಕೆಲಸವನ್ನು ಆರಂಭದಿಂದ ಕೊನೆಯವರೆಗೆ ಕೂತು ನೋಡಿರಲಿಲ್ಲ.

ಬಿದ್ರಿಯ ಲೋಹದಲ್ಲಿ ಬಹುಪಾಲು ಸತುವು, ಸ್ವಲ್ಪ ತಾಮ್ರ. ಎರಕ ಹೊಯ್ದು, ಅರದಿಂದ ಉಜ್ಜಿ ನಯ ಮಾಡುತ್ತಾರೆ. ಗೀರಿದ ನಕ್ಷೆ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಹೂಬಳ್ಳಿ ಗೀರಿ, ಉಳಿಯಿಂದ ಕೊರೆದು, ಆ ಕಾಲುವೆಗೆ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಆಮೇಲೆ ಮತ್ತೆ ಉಜ್ಜುತ್ತಾರೆ. ಆಗ ಆ ತಾತ್ಕಾಲಿಕ ಕಪ್ಪು ಹೋಗಿ ಇಡೀ ಪಾತ್ರೆ ಬೂದು ಬಣ್ಣಕ್ಕೆ ತಿರುಗುತ್ತದೆ.

ಉಸ್ತಾದರು ಆ ಹಂತದ ಒಂದು ಹೂದಾನಿಯನ್ನು ನನ್ನ ಕೈಗಿಟ್ಟರು. "ಅಮ್ಮಾ, ಚಾಂದಿ ಎಲ್ಲಿ ಅದ ಹೇಳ್ರಿ ನೋಡೋಣು?"

ಬೂದಿಯ ಮೇಲೆ ಬೂದಿ. ಬೆರಳಿಗೂ ತಿಳಿಯಲಿಲ್ಲ, ಕಣ್ಣಿಗಂತೂ ಇಲ್ಲ.

"ಮಣ್ಣು ಹಚ್ಚಿದ ಮ್ಯಾಲೆ ಬರ್ತದ. ಕಾಲಾ ಬರಲಾರ್ದೆ ಚಾಂದಿಗೆ ಕಿಮ್ಮತ್ತಿಲ್ಲ." ಕಾಲಾ ಅಂದರೆ ಕಪ್ಪು, ಚಾಂದಿ ಅಂದರೆ ಬೆಳ್ಳಿ.

ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಸೇರಿಸಿ, ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿ ತಿಕ್ಕಿದರು. ಸತುವಿನ ಲೋಹ ಕಡುಕಪ್ಪಾಯಿತು. ಬೆಳ್ಳಿಗೆ ಏನೂ ಆಗಲಿಲ್ಲ. ಒಂದು ನಿಮಿಷದ ಹಿಂದೆ ಇರಲಿಲ್ಲ ಅನಿಸಿದ ಬಳ್ಳಿ ಹೂದಾನಿಯ ತುಂಬ ಹಬ್ಬಿ ನಿಂತಿತ್ತು. ಅಲ್ಲಿ ಕೂತಲ್ಲೇ ನನ್ನ ತಪ್ಪು ಗೊತ್ತಾಯಿತು. ಎರಡು ವಾರ ಬೆಳಕು ಹೆಚ್ಚಿಸುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದೆ. ನನ್ನ ಬಟ್ಟೆ ಕಪ್ಪು ಸ್ಯಾಟಿನ್. ಅದು ತಾನೇ ಮಿರುಗುವ ಬಟ್ಟೆ, ರಂಗದ ದೀಪ ಬಿದ್ದರೆ ಅಲ್ಲಲ್ಲಿ ಬೂದು. ಆ ಬೂದಿನ ಮೇಲೆ ಯಾವ ಬೆಳ್ಳಿ ಕಂಡೀತು?

ನಿಯಾನ್ ವೈರ್

ಹೈದರಾಬಾದಿನ ಕೋಠಿಗೆ ಹೋಗಿ ಗುಜರಾತಿ ಗಲ್ಲಿಯಲ್ಲಿ ಒಂದು ದಿನ ಅಲೆದೆ. ಕಾರಿನ ಡ್ಯಾಶ್‌ಬೋರ್ಡಿಗೆ ಅಂಟಿಸುವ ಬೆಳಗುವ ತಂತಿಯೊಂದನ್ನು ಅಲ್ಲಿ 'ನಿಯಾನ್ ವೈರ್' ಎಂಬ ಹೆಸರಿನಲ್ಲಿ ಮಾರುತ್ತಾರೆ. ನಿಯಾನ್ ಅನಿಲಕ್ಕೂ ಅದಕ್ಕೂ ಸಂಬಂಧವಿಲ್ಲ. ಅದರ ನಿಜ ಹೆಸರು ಇಎಲ್ ವೈರ್, ಎಲೆಕ್ಟ್ರೋಲ್ಯೂಮಿನೆಸೆಂಟ್ ತಂತಿ. ನಾವು ತಂದದ್ದು 2.3 ಮಿಲಿಮೀಟರ್ ದಪ್ಪದ್ದು. ನಡುವೆ ತಾಮ್ರದ ತಂತಿ, ಅದರ ಮೇಲೆ ಹೊಳೆಯುವ ಪುಡಿಯ ಲೇಪ, ಲೇಪದ ಮೇಲೆ ಕೂದಲಿನಂಥ ಸಣ್ಣ ತಂತಿಗಳ ಸುತ್ತು, ಹೊರಗೆ ಪ್ಲಾಸ್ಟಿಕ್ ಹೊದಿಕೆ. ಎರಡು ಪೆನ್ಸಿಲ್ ಸೆಲ್ಲಿನ 3 ವೋಲ್ಟನ್ನು ಪುಟ್ಟ ಇನ್ವರ್ಟರ್ ಸುಮಾರು 100 ವೋಲ್ಟಿಗೆ ಏರಿಸಿ, ಸೆಕೆಂಡಿಗೆ ಸಾವಿರ–ಎರಡು ಸಾವಿರ ಸಲ ದಿಕ್ಕು ಬದಲಿಸಿ ಕಳಿಸುತ್ತದೆ. ಪುಡಿ ಹೊಳೆಯುತ್ತದೆ. ಬಿಸಿಯೇ ಇಲ್ಲ. ಚುಕ್ಕೆಯಿಲ್ಲದ, ತಂತಿಯುದ್ದಕ್ಕೂ ಒಂದೇ ಸಮನೆಯ ಗೆರೆ.

ಆ ಪುಡಿ ಯಾವುದೆಂದು ತಿಳಿದಾಗ ನನಗಾದ ಸಂತೋಷ ಹೇಳತೀರದು. ಸತುವಿನ ಸಲ್ಫೈಡ್, ಅದರಲ್ಲಿ ಚಿಟಿಕೆಗಿಂತಲೂ ಕಡಿಮೆ ತಾಮ್ರ. ಬಿದ್ರಿಯ ಎರಕದಲ್ಲೂ ಸತುವು, ತಾಮ್ರ. ಈ ತಂತಿಯ ಲೇಪದಲ್ಲೂ ಅವೇ ಎರಡು ಧಾತು. ರಸಾಯನವಾಗಿ ಎರಡೂ ಬೇರೆ ವಸ್ತು, ಅದು ನನಗೆ ಗೊತ್ತು. ಆದರೂ ಬಿದ್ರಿಯ ನೃತ್ಯಕ್ಕೆ ಇದೇ ತಂತಿ ಎಂದು ಮನಸ್ಸು ಅಲ್ಲೇ ನಿರ್ಧರಿಸಿಬಿಟ್ಟಿತು. 1936ರಲ್ಲಿ ಜಾರ್ಜ್ ಡೆಸ್ಟ್ರಿಯೊ ಎಂಬ ಫ್ರೆಂಚ್ ವಿಜ್ಞಾನಿ ಕಂಡ ಬೆಳಕು ಇದೇ ಪುಡಿಯದು. 2021ರಲ್ಲಿ ಶಾಂಘೈನ ಫುದಾನ್ ವಿಶ್ವವಿದ್ಯಾಲಯದವರು ನೇಯ್ದು ತೋರಿಸಿದ 6 ಮೀಟರ್ ಉದ್ದ, 25 ಸೆಂಟಿಮೀಟರ್ ಅಗಲದ ಬೆಳಗುವ ಬಟ್ಟೆಯಲ್ಲೂ ಇದೇ ಪುಡಿ. ಅಲ್ಲಿ ಹಾಸೂ ಹೊಕ್ಕೂ ಸಂಧಿಸುವ ಒಂದೊಂದು ಜಾಗವೂ ಒಂದು ದೀಪ. ನೇಕಾರರ ಮಗ್ಗದ ಲೆಕ್ಕವೇ ಅದು. ಅಂಥ ಥಾನು ನಮ್ಮ ಮಾರುಕಟ್ಟೆಗೆ ಬರುವ ದಿನಕ್ಕೆ ನಾನು ಕಾದಿದ್ದೇನೆ.

ಬಿಳಿ ತಂತಿಯನ್ನೇ ಆರಿಸಿದೆ. ಅದರ ಬಿಳಿಯಲ್ಲಿ ನೀಲಿಯ ಛಾಯೆ ಇದೆ. ಬೆಳ್ಳಿಗೆ ಹತ್ತಿರ.

ಒಂದು ಉಡುಪಿಗೆ 6 ಮೀಟರ್, 3 ಮೀಟರಿಗೊಂದು ಇನ್ವರ್ಟರ್. ಒಟ್ಟು 48 ಮೀಟರ್ ತಂತಿ, 16 ಇನ್ವರ್ಟರ್, 32 ಸೆಲ್. ಪವರ್‌ಬ್ಯಾಂಕ್ ಬಿಟ್ಟೆವು, ಲಿಥಿಯಂ ಸೆಲ್ಲನ್ನೂ ಬಿಟ್ಟೆವು. ಬೆವರಿದ ಮೈಗೆ, ಬಿಗಿದ ಸೊಂಟಪಟ್ಟಿಗೆ, ನೆಲಕ್ಕುರುಳುವ ನೃತ್ಯಕ್ಕೆ ಪೆನ್ಸಿಲ್ ಸೆಲ್ಲಿನ ಮೇಲೆ ನನಗೆ ಹೆಚ್ಚು ನಂಬಿಕೆ. ತಾಲೀಮಿಗೆ ಚಾರ್ಜ್ ಮಾಡುವ ಸೆಲ್, ಪ್ರದರ್ಶನದ ದಿನ ಹೊಸ ಆಲ್ಕಲೈನ್ ಸೆಲ್. ಚಾರ್ಜ್ ಮಾಡುವುದು ತಲಾ 1.2 ವೋಲ್ಟಿನದು, ಇನ್ನೊಂದು 1.5ರದು. ಹೊಳಪಿನ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಹೊಲಿಗೆ

ಸ್ಯಾಟಿನ್ ತೆಗೆದು ಮಖಮಲ್ ತಂದೆ. ಅದರ ನವಿರು ಎಳೆಗಳ ಕಾಡಿನಲ್ಲಿ ಬಿದ್ದ ಬೆಳಕು ಹೊರಗೆ ಬರುವುದಿಲ್ಲ. ಆದರೆ ಇಡೀ ಉಡುಪು ಮಖಮಲ್ಲಿನದಾದರೆ ಹುಡುಗಿಯರು ಬೆಂದುಹೋಗುತ್ತಾರೆ. ಹಾಗಾಗಿ ಮೈಗೆ ತೆಳು ಹತ್ತಿಯ ಕಪ್ಪು ರವಿಕೆ, ಹತ್ತಿಯ ಲಂಗ. ನಕ್ಷೆ ಬರುವ ಎದೆ, ಬೆನ್ನು, ಅಂಚಿಗೆ ಮಾತ್ರ ಮಖಮಲ್ ತುಂಡುಗಳು. ತುಂಡುಗಳನ್ನು ಟಿಚ್ ಬಟನ್ ಒತ್ತಿ ಕೂರಿಸುವುದು, ಬಿಚ್ಚುವುದು. ರವಿಕೆ ಬಕೆಟ್ಟಿಗೆ, ತಂತಿಯಿರುವ ಮಖಮಲ್ ಒಣ ಬ್ರಷ್ಷಿಗೆ.

ಮಷೀನ್ ಹೊಲಿಗೆ ಇದಕ್ಕೆ ಸಲ್ಲ, ಸೂಜಿ ತಂತಿಗೆ ಬಿದ್ದರೆ ಮುಗಿಯಿತು. ಪಾರದರ್ಶಕ ನೈಲಾನ್ ದಾರದಲ್ಲಿ ಒಂದೂವರೆ ಸೆಂಟಿಮೀಟರಿಗೊಂದು ಕೈಹೊಲಿಗೆ ಹಾಕಿದೆವು. ನಾನು, ನನ್ನ ತಂಗಿ, ಕೆಲಸಕ್ಕೆ ಬರುವ ಇಬ್ಬರು, ಹತ್ತು ರಾತ್ರಿ. ತಂತಿಯನ್ನು ಚೂಪಾಗಿ ಮಡಚಿದರೆ ಒಳಗಿನ ಕೂದಲ ತಂತಿ ತುಂಡಾಗಿ ಅಲ್ಲಿಂದಾಚೆ ಕತ್ತಲು. ಆದ್ದರಿಂದ ಉಸ್ತಾದರ ಬಳ್ಳಿಯ ಮೂಲೆಗಳನ್ನೆಲ್ಲ ದುಂಡು ಮಾಡಿಕೊಂಡೆ. ಮೊಣಕೈ, ಮೊಣಕಾಲಿನ ಮೇಲೆ ತಂತಿಯೇ ಇಲ್ಲ. ಹೆಚ್ಚು ಮುರಿಯುವುದು ತಂತಿ ಇನ್ವರ್ಟರಿಗೆ ಸೇರುವ ಜಾಗ. ಅಲ್ಲಿ ಬಿಸಿ ಗೋಂದು ತುಂಬಿ, ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಎಳೆತ ಬೆಸುಗೆಯ ಮೇಲೆ ಬೀಳದಂತೆ ಒಂದು ಸಡಿಲ ಸುತ್ತು ಬಿಟ್ಟು ಬಟ್ಟೆಗೆ ಕಟ್ಟಿದೆವು. ಇನ್ವರ್ಟರ್‌ಗಳು ಡಾಬಿನ ಆಕಾರದ ಸೊಂಟಪಟ್ಟಿಯ ಒಳಗೆ ಸೇರಿದವು.

ಒಂದು ತಾಲೀಮಿನಲ್ಲಿ ಎರಡನೇ ಸಾಲಿನ ಹುಡುಗಿ ಸೊಂಟ ಹಿಡಿದುಕೊಂಡು ಬಂದಳು. "ಅಕ್ಕಾ, ಇರುವಿ ಕಡದಂಗ ಆಗ್ಲಿಕತ್ತದ್ರೀ." ಆಟ ನಿಲ್ಲಿಸಿ ಬಿಚ್ಚಿ ನೋಡಿದರೆ, ಕತ್ತರಿಸಿದ ಒಂದು ತುದಿಯ ಮುಚ್ಚಳ ಕಳಚಿ ಬಿದ್ದಿತ್ತು. ಹರಿಯುವುದು ತೀರ ಕಡಿಮೆ ವಿದ್ಯುತ್, ಅಪಾಯವಾಗಲಿಲ್ಲ. ಆದರೂ 100 ವೋಲ್ಟ್ ಅದು, ಬೆವರಿದ ಚರ್ಮಕ್ಕೆ ತಾಗಿದೆ. ಆ ಸಂಜೆಯೇ 16 ತುದಿಗಳನ್ನೂ ಗೋಂದಿನಿಂದ ಮುಚ್ಚಿ, ಕೊಳವೆ ತೊಡಿಸಿ, ಒಳಗಡೆ ಇನ್ನೊಂದು ಪದರ ಹತ್ತಿ ಕೊಟ್ಟೆವು. ಮಕ್ಕಳಿಗೆ ತೊಡಿಸುವ ಉಡುಪನ್ನು ಮೊದಲು ಹೊಲಿದವರೇ ತೊಟ್ಟು, ಬೆವರುವಷ್ಟು ಕುಣಿದು ನೋಡಬೇಕು. ಆಮೇಲಿನ ತಾಲೀಮುಗಳಿಗೆ ಮುನ್ನ ನಾನೂ ತಂಗಿಯೂ ಹಾಗೆಯೇ ಮಾಡಿದೆವು.

ಓಢಣಿ

ಮುಂದಿನ ಸಾಲಿನ ಇಬ್ಬರಿಗೆ ಬೆಳಗುವ ಓಢಣಿ ಕೊಡುವುದೆಂದು ಮಾತಾಗಿತ್ತು. ಮೇಡಂ ತೋರಿಸಿದ ಗೌನಿನ ಆಸೆ ಅಷ್ಟಾದರೂ ಪೂರೈಸಲಿ ಎಂದು. ಇದಕ್ಕೆ ಬೆಳಕು ಪಕ್ಕಕ್ಕೂ ಸೋರುವ ಪ್ಲಾಸ್ಟಿಕ್ ಫೈಬರ್ ಬೇಕು. ಸಾಮಾನ್ಯ ಫೈಬರಿನಲ್ಲಿ ಬೆಳಕು ಒಳಗೋಡೆಗೆ ತಾಗಿ ತಾಗಿ ಪ್ರತಿಫಲಿಸುತ್ತ ಇನ್ನೊಂದು ತುದಿಯಲ್ಲೇ ಹೊರಬರುತ್ತದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿಯವರು ತಮ್ಮ ಗುರು ಹಾಪ್ಕಿನ್ಸ್ ಜೊತೆ ಗಾಜಿನ ಎಳೆಗಳ ಕಟ್ಟಿನಲ್ಲಿ ಚಿತ್ರವನ್ನೇ ದಾಟಿಸಿದ ವಿಷಯ ಪ್ರಕಟಿಸಿದ್ದು 1954ರಲ್ಲಿ. ಉಡುಪಿಗೆ ಬೇಕಾದದ್ದು ಅದರ ತದ್ವಿರುದ್ಧ, ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಸೋರಬೇಕು. ಮೇಲ್ಮೈಯನ್ನು ನವಿರಾದ ಮರಳು ಕಾಗದದಿಂದ ಗೀರಿದರೆ ಸೋರುತ್ತದೆ. ವಿದ್ಯುತ್ತು ಇರುವುದು ತುದಿಯ ಎಲ್‌ಇಡಿಯಲ್ಲಿ ಮಾತ್ರ, ಎಳೆಯೊಳಗೆ ಬರೀ ಬೆಳಕು. ಬೆವರಿಗೆ ಹೆದರಬೇಕಿಲ್ಲ.

ಎರಡು ತೊಂದರೆ ಎದುರಾದವು. ದೀಪದ ಹತ್ತಿರ ಪ್ರಖರ, ದೂರ ಹೋದಂತೆ ಮಂಕು. ಇನ್ನೊಂದು, ನಾವು ಬಿಟ್ಟುಕೊಡದೆ ಇಟ್ಟುಕೊಂಡಿದ್ದ ಒಂದು ಪವರ್‌ಬ್ಯಾಂಕಿಗೆ ಅದನ್ನು ಜೋಡಿಸಿದರೆ ಅರ್ಧ ನಿಮಿಷಕ್ಕೆ ಆರುತ್ತಿತ್ತು. ಒಂದೇ ಎಲ್‌ಇಡಿ ಎಳೆಯುವ ವಿದ್ಯುತ್ ಎಷ್ಟು ಕಡಿಮೆಯೆಂದರೆ, ಏನೂ ಜೋಡಿಸಿಲ್ಲವೆಂದು ತಿಳಿದು ಅದು ತಾನೇ ಮಲಗುತ್ತಿತ್ತು. ಇಲ್ಲೂ ಸೆಲ್ ಪೆಟ್ಟಿಗೆಯೇ ಬಂತು.

ಪ್ರದರ್ಶನಕ್ಕೆ ಎರಡು ದಿನ ಇರುವಾಗ ಒಂದು ಓಢಣಿ ಹುಡುಗಿಯ ಮನೆಗೆ ಹೋಯಿತು. ಮನೆಯವರು ಮಗಳ ಉಡುಪು ನೀಟಾಗಿರಲಿ ಎಂದು ಪ್ರೀತಿಯಿಂದ ಇಸ್ತ್ರಿ ಹಾಕಿದರು. ಈ ಫೈಬರ್ ಅಕ್ರಿಲಿಕ್ ಪ್ಲಾಸ್ಟಿಕ್, 100 ಡಿಗ್ರಿಯ ಆಸುಪಾಸಿಗೇ ಮೆತ್ತಗಾಗುತ್ತದೆ. ಹತ್ತಿಯ ಇಸ್ತ್ರಿ ಅದರ ಸುಮಾರು ಎರಡು ಪಟ್ಟು ಬಿಸಿ. ಎಳೆಗಳೆಲ್ಲ ಕರಗಿ ಒಂದಕ್ಕೊಂದು ಅಂಟಿದವು. ತಪ್ಪು ನನ್ನದು, ಒಂದು ಚೀಟಿಯನ್ನೂ ಹೊಲಿದಿರಲಿಲ್ಲ.

ಉಳಿದದ್ದು ಒಂದು ಓಢಣಿ, ಇಬ್ಬರು ಹುಡುಗಿಯರು. ರಿಪೇರಿ ಹುಡುಗ ಆಚೆ ತುದಿಗೂ ಒಂದು ಎಲ್‌ಇಡಿ ಕೂರಿಸಿದ. ಇಬ್ಬರೂ ಒಂದೊಂದು ತುದಿ ಹಿಡಿದರು, ಮುಷ್ಟಿಯೊಳಗೆ ಪೆಟ್ಟಿಗೆ. ಎರಡೂ ಕಡೆಯಿಂದ ಬೆಳಕು ಬಂದದ್ದರಿಂದ ನಡುವಿನ ಮಂಕು ಹೋಯಿತು. ಅವರು ಬೇರೆಯಾದಂತೆ ನಡುವೆ ಬೆಳ್ಳಿಯ ತಂತಿ ಎಳೆದಂತೆ ಕಾಣುತ್ತಿತ್ತು. ಕರಗದೆ ಇದ್ದಿದ್ದರೆ ಈ ದೃಶ್ಯ ನಮಗೆ ಹೊಳೆಯುತ್ತಿರಲಿಲ್ಲ.

ಕತ್ತಲು ಕೇಳುವುದು

ಇಷ್ಟಾದರೂ ದೊಡ್ಡ ಅಡ್ಡಿ ಉಳಿದಿತ್ತು. ಇಎಲ್ ತಂತಿಯ ಬೆಳಕು ಮೃದು. ರಂಗದ ದೀಪ ಹಾಕಿದರೆ ತಂತಿ ಉರಿಯುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ಮೇಡಂಗೆ ಮುಖ ಕಾಣಬೇಕು, ತಂದೆತಾಯಿಯರಿಗೂ ಮುಖ ಕಾಣಬೇಕು. ದೀಪದವರು ಹೇಳಿದ್ದು ಬೇರೆ: "ಲೈಟ್ ಆರ್ಸಿದ್ರ ಮಂದಿ ಸೀಟಿ ಹೊಡೀತಾರ್ರೀ ಅಕ್ಕಾ." ಅವರ ಅನುಭವದ ಮಾತು, ತಳ್ಳಿಹಾಕುವಂಥದ್ದಲ್ಲ.

ನಾನು ಮೇಡಂ ಅವರನ್ನು ಕರೆದುಕೊಂಡು ಮತ್ತೆ ಉಸ್ತಾದರ ಹತ್ತಿರ ಹೋದೆ. ಆ ಬೂದು ಹೂದಾನಿಯನ್ನು ಅವರ ಕೈಗೂ ಕೊಡಿಸಿದೆ. ವಾಪಸ್ ಆಟೋದಲ್ಲೇ ಅವರು ನೃತ್ಯವನ್ನು ಮತ್ತೆ ಕಟ್ಟಿದರು. ಮೊದಲ ನಾಲ್ಕು ನಿಮಿಷ ಪೂರ್ತಿ ಬೆಳಕು: ಎರಕ, ಅರ, ಉಳಿ, ಸುತ್ತಿಗೆ. ತಂತಿಗಳು ಆಗಲೇ ಉರಿಯುತ್ತಿರುತ್ತವೆ, ಯಾರಿಗೂ ಕಾಣುವುದಿಲ್ಲ, ಹೂದಾನಿಯ ಬೆಳ್ಳಿಯಂತೆ. ಐದನೇ ನಿಮಿಷಕ್ಕೆ ಒಬ್ಬಳು ಕೋಟೆಯ ಮಣ್ಣು ತಂದು ಒಬ್ಬೊಬ್ಬರಿಗೆ ಹಚ್ಚುತ್ತ ಬರುತ್ತಾಳೆ. ಹಚ್ಚಿದಂತೆ ದೀಪ ಒಂದೊಂದಾಗಿ ಇಳಿಯುತ್ತದೆ, ಥಟ್ಟನೆ ಅಲ್ಲ, ನಿಧಾನಕ್ಕೆ. ಕತ್ತಲಾದಂತೆ ಬಳ್ಳಿಗಳು ತೇಲಿ ಬರುತ್ತವೆ. ಕೊನೆಯ ನಿಮಿಷ ಪಕ್ಕದಿಂದ ತೀರ ಮಂದವಾದ ಒಂದು ಬೆಳಕು ಮುಖಗಳಿಗೆ.

ಕತ್ತಲಿನ ನಿಶ್ಶಬ್ದದಲ್ಲಿ ಇನ್ನೊಂದು ವಿಷಯ ಬಯಲಾಯಿತು. 16 ಇನ್ವರ್ಟರ್‌ಗಳು ಸೊಳ್ಳೆಯಂತೆ ಗುಂಯ್‌ಗುಡುತ್ತಿದ್ದವು. ಅವನ್ನು ದಪ್ಪ ಉಣ್ಣೆಯ ತುಂಡಿನಲ್ಲಿ ಸುತ್ತಿದೆವು, ಮೇಡಂ ಆ ಜಾಗಕ್ಕೆ ಉಳಿ ಬಡಿಯುವ ಟಕ್‌ಟಕ್ ಸದ್ದು ಸೇರಿಸಿದರು. ಸದ್ದು ಅದರಲ್ಲಿ ಮುಚ್ಚಿಹೋಯಿತು.

ಆ ದಿನ

7 ಉಡುಪುಗಳು ಪೂರ್ತಿ ಬೆಳಗಿದವು. ಒಂದರ ಬೆನ್ನಿನ ತಂತಿ ಮಧ್ಯದಲ್ಲೇ ಅರ್ಧ ಆರಿತು, ಆ ಹುಡುಗಿ ಹಿಂದಿನ ಸಾಲಿನವಳು. ದೀಪ ಇಳಿಯಲು ಶುರುವಾದಾಗ ಹಿಂದಿನಿಂದ ಎರಡು ಸೀಟಿ ಬಂದವು ನಿಜ. ಮೊದಲ ಬಳ್ಳಿ ಕಂಡ ಮೇಲೆ ಬರಲಿಲ್ಲ. ಆ ಮೌನದಲ್ಲಿ ನಾನು ಸೈಡ್ ವಿಂಗಿನಲ್ಲಿ ಬದಲಿ ಸೆಲ್ ಹಿಡಿದು ನಿಂತಿದ್ದೆ. ಕೈ ನಡುಗುತ್ತಿತ್ತು.

ದೂರುಗಳೂ ಬಂದವು. ಕತ್ತಲಿನ ಫೋಟೋಗಳೆಲ್ಲ ಕಲಸಿಹೋಗಿವೆ ಎಂದು ಮನೆಯವರು ಬೇಸರಪಟ್ಟರು, ಅದು ನ್ಯಾಯವೇ. ಮುಂದಿನ ಸಲ ಪ್ರದರ್ಶನಕ್ಕೆ ಮೊದಲೇ ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಇಟ್ಟು ಒಂದು ತಾಲೀಮಿನ ಚಿತ್ರ ತೆಗೆಸಿಕೊಡಬೇಕು. ಹಣದ ಲೆಕ್ಕ: ಎರಡನೇ ಪ್ರಯತ್ನಕ್ಕೆ 27 ಸಾವಿರ, ಮೊದಲಿನ 9 ಸೇರಿ 36. ಆರು ವಾರದ ಕೂಲಿ ನಾಲ್ಕು ಸಾವಿರಕ್ಕೆ ನಿಂತಿತು. ಇದೇ ಕೆಲಸಕ್ಕೆ ಈಗ ನಾನು 60 ಕೇಳುತ್ತೇನೆ, ಕೇಳಲೇಬೇಕು. ಕೈಹೊಲಿಗೆಯ ರಾತ್ರಿಗಳಿಗೆ ಬೆಲೆಯಿದೆ.

ಉಡುಪುಗಳು ಈಗ ಅಂಗಡಿಯಲ್ಲಿವೆ. ಮಡಚದೆ, ದುಂಡನೆಯ ರಟ್ಟಿನ ಕೊಳವೆಗೆ ಸುತ್ತಿ, ಸೆಲ್ ತೆಗೆದು ಇಟ್ಟಿದ್ದೇನೆ. ಉರಿದಷ್ಟೂ ಪುಡಿಯ ಹೊಳಪು ಕುಂದುತ್ತದೆ, ಹಾಗಾಗಿ ಸುಮ್ಮನೆ ಹೊತ್ತಿಸಿ ತೋರಿಸುವುದಿಲ್ಲ. ಓಢಣಿಗೆ ಕನ್ನಡದಲ್ಲೂ ಉರ್ದುವಿನಲ್ಲೂ 'ಇಸ್ತ್ರಿ ಹಾಕಬೇಡಿ' ಎಂಬ ಪಟ್ಟಿ ಹೊಲಿದಿದ್ದೇನೆ.

ಹೋದ ವಾರ ಚಿಂಚೋಳಿ ಕಡೆಯ ತಾಂಡಾದ ಶಾಲೆಯೊಂದರಿಂದ ಮಾಸ್ತರರು ಬಂದಿದ್ದರು. ಲಂಬಾಣಿ ಕುಣಿತದ ಫೇಟಿಯಾ ಎಂಬ ಲಂಗಕ್ಕೂ ಕಾಂಚಳಿ ಎಂಬ ರವಿಕೆಗೂ ಇಂಥದೇ ತಂತಿ ಹಾಕಿಕೊಡಿ ಎಂದರು. ಆಗುವುದಿಲ್ಲ ಎಂದೆ. ಆ ಉಡುಪಿನ ಜೀವ ಕನ್ನಡಿಯಲ್ಲಿದೆ, ಕನ್ನಡಿಗೆ ಹೊರಗಿನ ಬೆಳಕು ಬೇಕು. ತಂತಿಗೆ ಕತ್ತಲು ಬೇಕು. ಎರಡನ್ನೂ ಒಂದೇ ಬಟ್ಟೆಗೆ ಹಾಕಿದರೆ ಒಂದು ಸಾಯುತ್ತದೆ. ಕನ್ನಡಿಗಳನ್ನು ಇನ್ನಷ್ಟು ಒತ್ತಾಗಿ ಹೊಲಿದುಕೊಡುತ್ತೇನೆ, ರಂಗದ ಎರಡೂ ಪಕ್ಕದಿಂದ ತಗ್ಗಿನಲ್ಲಿ ಒಂದೊಂದು ದೀಪ ಇಡಿಸಿ ಎಂದು ಹೇಳಿ ಕಳಿಸಿದೆ.